ಅಲ್ಯೂಮಿನಿಯಂ ಕೊಳ್ಳುವಾಗ 'ಟಿ6' ಗುರುತನ್ನೂ ಕೇಳಿ

ಮಾನ್ಯ ಸಂಪಾದಕರೇ,

ಪರಿಚಯದ ಕಾರ್ಯಾಗಾರವೊಂದರಲ್ಲಿ ಈಚೆಗೆ ಬಾಗಿಹೋದ ಅಲ್ಯೂಮಿನಿಯಂ ಚೌಕಟ್ಟೊಂದನ್ನು ನೋಡಿದೆ. ವೆಲ್ಡಿಂಗ್ ಬೆಸುಗೆ ಗಟ್ಟಿಯಾಗಿಯೇ ಇತ್ತು. ಬಾಗಿದ್ದು ಅದರ ಪಕ್ಕದ ಲೋಹ. ಕಳಪೆ ಮಾಲು ಬಂದಿದೆ ಎಂದು ಅಲ್ಲಿನವರು ದೂರಿದರು. ತಪ್ಪು ಮಾಲಿನದಲ್ಲ, ಬೆಸುಗೆಯ ಕಾವು ಲೋಹದ ಒಳರಚನೆಯನ್ನು ಕೆಡಿಸಿತ್ತು ಎಂದು ವಿವರಿಸಲು ನನಗೆ ಸಾಕಷ್ಟು ಹೊತ್ತೇ ಹಿಡಿಯಿತು.

6061 ಎಂಬುದು ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹವೊಂದರ ಸಂಖ್ಯೆ. ನಮ್ಮಲ್ಲಿ '6061 ಕೊಡಿ' ಎಂದು ಕೇಳಿ ತರುವವರು ಅದರ ಮುಂದಿನ 'ಟಿ6' ಎಂಬ ಗುರುತನ್ನು, ಅಂದರೆ ಲೋಹವನ್ನು ಕಾಯಿಸಿ ತಣಿಸಿ ಗಡಸುಗೊಳಿಸಿದ ಸ್ಥಿತಿಯನ್ನು (ಟೆಂಪರ್) ಹೇಳುವ ಗುರುತನ್ನು, ಗಮನಿಸುವುದು ಕಡಿಮೆ. ಮೆದುಗೊಳಿಸಿದ 6061 ಸುಮಾರು 125 ಮೆಗಾಪಾಸ್ಕಲ್ (ಲೋಹದ ಬಲ ಅಳೆಯುವ ಮಾನ) ಎಳೆತಕ್ಕೆ ತುಂಡಾದರೆ, ಟಿ6 ಸ್ಥಿತಿಯಲ್ಲಿ ಅದೇ ಲೋಹ ಸುಮಾರು 310ರವರೆಗೆ ತಾಳುತ್ತದೆ. ರಾಸಾಯನಿಕ ಪರೀಕ್ಷೆಯಲ್ಲಿ ಮಾತ್ರ ಎರಡೂ ಒಂದೇ. ವ್ಯತ್ಯಾಸ ಬರುವುದು ಕಾವಿನಿಂದ. ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಅಲ್ಯೂಮಿನಿಯಂನೊಳಗೆ ಕರಗುತ್ತವೆ. ತಕ್ಷಣ ನೀರಿನಲ್ಲಿ ತಣಿಸಿ, ಮತ್ತೆ 175 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಅವು ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಎಲ್ಲೆಡೆ ಒತ್ತೊತ್ತಾಗಿ ಮೂಡುತ್ತವೆ. ಪರಮಾಣುಗಳ ಪದರಗಳು ಜಾರುವುದರಿಂದಲೇ ಲೋಹ ಬಾಗುವುದು, ಆ ಜಾರುವಿಕೆಗೆ ಈ ಕಣಗಳು ಅಡ್ಡ ನಿಲ್ಲುತ್ತವೆ. ಕಾವು ಅತಿಯಾದರೆ ಕಣಗಳು ದಪ್ಪಗಾಗಿ, ಸಂಖ್ಯೆಯಲ್ಲಿ ಕುಗ್ಗಿ, ನಡುವೆ ದಾರಿ ಬಿಡುತ್ತವೆ. ಬೆಸುಗೆಯ ಅಂಚಿನಲ್ಲಿ ಆಗುವುದು ಇದೇ: ಅಲ್ಲಿನ ಬಲವನ್ನು ಸುಮಾರು 165 ಮೆಗಾಪಾಸ್ಕಲ್ ಎಂದಷ್ಟೇ ಲೆಕ್ಕಕ್ಕೆ ಹಿಡಿಯುವುದು ರೂಢಿ.

ಇದು ಹೊಸ ವಿದ್ಯೆಯೇನಲ್ಲ. ತಾಮ್ರ ಬೆರೆಸಿ ತಣಿಸಿದ ಅಲ್ಯೂಮಿನಿಯಂ ಸುಮ್ಮನೆ ಇಟ್ಟಲ್ಲಿಯೇ ದಿನಗಳೆದಂತೆ ಗಡಸಾಗುವುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿಯೇ ಕಂಡಿದ್ದರು. ಆ ಗಡಸುತನದ ಹಿಂದಿನ ಸೂಕ್ಷ್ಮ ರಚನೆ ಎಕ್ಸ್-ಕಿರಣಗಳಲ್ಲಿ ಗೋಚರಿಸಿದ್ದು 1938ರಲ್ಲಿ, ಫ್ರಾನ್ಸಿನ ಗಿನಿಯೆ ಮತ್ತು ಬ್ರಿಟನ್ನಿನ ಪ್ರೆಸ್ಟನ್ ಬೇರೆಬೇರೆಯಾಗಿ ನಡೆಸಿದ ಅಧ್ಯಯನಗಳಿಂದ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಾರಾಟಗಾರರು ಬಿಲ್ಲಿನಲ್ಲಿ ಮಿಶ್ರಲೋಹದ ಸಂಖ್ಯೆಯ ಜೊತೆಗೆ ಅದರ ಟೆಂಪರ್ ಗುರುತನ್ನೂ ಕಡ್ಡಾಯವಾಗಿ ಬರೆಯಲಿ. ಐಟಿಐಗಳಲ್ಲಿ ವೆಲ್ಡಿಂಗ್ ಕಲಿಯುವ ಮಕ್ಕಳಿಗೆ ಒಂದೇ ಪಟ್ಟಿಯನ್ನು ಬೆಸುಗೆಗೆ ಮುಂಚೆ ಮತ್ತು ನಂತರ ಗಡಸುತನದ ಪರೀಕ್ಷೆಗೆ ಒಡ್ಡಿ ತೋರಿಸಲಿ. ಅರ್ಧ ದಿನದ ಪಾಠವದು. ಭಾರ ಹೊರುವ ಚೌಕಟ್ಟು ಮಾಡುವವರು ಬೆಸುಗೆಯನ್ನು ಹೆಚ್ಚು ಒತ್ತಡ ಬೀಳದ ಜಾಗಕ್ಕೆ ಸರಿಸಲಿ, ಆಗದಿದ್ದರೆ ಅಲ್ಲಿ ದಪ್ಪ ಪಟ್ಟಿಯನ್ನೇ ಬಳಸಲಿ.

– ನಿವೃತ್ತ ಲೋಹಶಾಸ್ತ್ರ ಉಪನ್ಯಾಸಕ, ಬೆಂಗಳೂರು