ಹೋಟೆಲ್ ತಂತ್ರಾಂಶಕ್ಕೆ ಅಡುಗೆಮನೆಯ ಕನ್ನಡವೂ ಬರಲಿ

ಮಾನ್ಯರೇ,

ಹೋಟೆಲುಗಳಿಗೆ ಆನ್‌ಲೈನ್ ಆರ್ಡರ್ ಪಡೆಯುವ ತಂತ್ರಾಂಶ ಮಾಡಿಕೊಡುವ ಕಂಪನಿಗಳು ಬೆಳೆಯುತ್ತಿರುವ ಸುದ್ದಿ ವಾಣಿಜ್ಯ ಪುಟಗಳಲ್ಲಿ ಆಗಾಗ ಕಾಣಿಸುತ್ತದೆ. ಯಾವ ಕಂಪನಿಗೆ ಎಷ್ಟು ಬಂಡವಾಳ ಬಂತು ಎಂಬುದು ಅಲ್ಲಿರುತ್ತದೆಯೇ ಹೊರತು, ಅದನ್ನು ಕೊಂಡ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಏನಾಯಿತು ಎಂಬುದು ಇರುವುದಿಲ್ಲ. ತುಮಕೂರಿನ ಕೆಲವು ಸಣ್ಣ ಹೋಟೆಲುಗಳ ಲೆಕ್ಕಪತ್ರ ಬರೆಯುವವನಾಗಿ ಈ ಕುರಿತು ಹೇಳಬೇಕೆನಿಸಿದ್ದನ್ನು ಬರೆಯುತ್ತಿದ್ದೇನೆ.

ಈ ವ್ಯಾಪಾರ ಹೊಸದೇನಲ್ಲ. ನ್ಯೂಯಾರ್ಕಿನ ಓಲೋ ಕಂಪನಿ ಶುರುವಾದದ್ದು 2005ರಲ್ಲಿ, ಐಫೋನ್ ಬರುವುದಕ್ಕೂ ಎರಡು ವರ್ಷ ಮೊದಲು. ಸಾಲಿನಲ್ಲಿ ನಿಲ್ಲದೆ, ಮೊಬೈಲಿನಿಂದ ಮೊದಲೇ ಹೇಳಿಟ್ಟು ಕಾಫಿ ಎತ್ತಿಕೊಂಡು ಹೋಗುವಂತಾಗಬೇಕು ಎಂಬುದು ಅದರ ಆರಂಭದ ಆಸೆಯಾಗಿತ್ತು. ಬಹುಕಾಲ ಸದ್ದಿಲ್ಲದೆ ಅಮೆರಿಕದ ದೊಡ್ಡ ರೆಸ್ಟೋರೆಂಟ್ ಸರಣಿಗಳಿಗೆ ತಂತ್ರಾಂಶ ಒದಗಿಸುತ್ತಿದ್ದ ಅದು, ಕೋವಿಡ್ ಕಾಲದಲ್ಲಿ ಕೂತು ತಿನ್ನುವ ವ್ಯವಸ್ಥೆಯೇ ನಿಂತುಹೋದಾಗ ಒಮ್ಮೆಲೇ ಬೆಳೆದು, 2021ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂತು. 2025ರಲ್ಲಿ ಥೋಮಾ ಬ್ರಾವೋ ಎಂಬ ಹೂಡಿಕೆ ಸಂಸ್ಥೆ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಮ್ಮ ದೇಶದಲ್ಲಿ ಅಹಮದಾಬಾದಿನ ಪೆಟ್‌ಪೂಜಾ 2011ರಲ್ಲಿ, ಬೆಂಗಳೂರಿನ ಅರ್ಬನ್‌ಪೈಪರ್ 2015ರಲ್ಲಿ ಆರಂಭವಾದವು. ಅರ್ಬನ್‌ಪೈಪರ್ 2022ರಲ್ಲಿ 2.4 ಕೋಟಿ ಡಾಲರ್ ಬಂಡವಾಳ ಪಡೆದಾಗ ಹಣ ಹಾಕಿದವರಲ್ಲಿ ಸ್ವಿಗ್ಗಿ, ಜೊಮ್ಯಾಟೊ ಎರಡೂ ಇದ್ದವು. ತಂತ್ರಾಂಶ ಕೊಂಡ ಮಾತ್ರಕ್ಕೆ ಆ್ಯಪ್‌ಗಳ ಹಂಗು ತಪ್ಪುತ್ತದೆ ಎಂದು ನಂಬುವ ಮಾಲೀಕರು ಇದನ್ನು ಗಮನಿಸುವುದು ಒಳ್ಳೆಯದು.

ಆದರೂ ಈ ತಂತ್ರಾಂಶದ ಲೆಕ್ಕ ಸಣ್ಣ ಹೋಟೆಲಿನವರಿಗೆ ಅನುಕೂಲಕರವೇ. ಆ್ಯಪ್‌ಗಳು ಪ್ರತಿ ಆರ್ಡರಿನ ಮೇಲೂ ಕಮಿಷನ್ ಹಿಡಿಯುತ್ತವೆ. ಅದು ಶೇ 20ನ್ನೂ ಮೀರುತ್ತದೆ ಎಂದು ಹೋಟೆಲಿನವರು ದೂರುತ್ತಲೇ ಇದ್ದಾರೆ; ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ತನಿಖೆಗೂ ಆದೇಶಿಸಿತು. ದಿನಕ್ಕೆ ₹200ರ ಹತ್ತು ಆರ್ಡರ್ ಬಂದರೆ ತಿಂಗಳಿಗೆ ₹60,000 ವ್ಯಾಪಾರವಾಗುತ್ತದೆ. ಶೇ 25ರಂತೆ ಹಿಡಿದರೆ ಅದರಲ್ಲಿ ₹15,000 ಕಮಿಷನ್ನಿಗೇ ಹೋಗುತ್ತದೆ. ತಂತ್ರಾಂಶಕ್ಕಾದರೆ ಸಾಮಾನ್ಯವಾಗಿ ವರ್ಷಕ್ಕೋ ತಿಂಗಳಿಗೋ ಇಂತಿಷ್ಟು ಎಂದು ಬಾಡಿಗೆ ಕಟ್ಟಿದರಾಯಿತು, ವ್ಯಾಪಾರ ಹೆಚ್ಚಿದಂತೆಲ್ಲ ಅದು ಏರುತ್ತಾ ಹೋಗುವುದಿಲ್ಲ. ಮನೆಗೆ ತಲುಪಿಸುವ ಹೊಣೆ ಮಾತ್ರ ಹೋಟೆಲಿನವರ ತಲೆಯ ಮೇಲೇ ಬೀಳುತ್ತದೆ, ನಿಜ. ಆದರೆ ತುಮಕೂರಿನಂಥ ಊರಿನಲ್ಲಿ ಅದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಇಲ್ಲಿನ ಜನ ಕೆಲಸ ಮುಗಿಸಿ ಮನೆಗೆ ಹೋಗುವಾಗ ತಾವೇ ಪಾರ್ಸೆಲ್ ಕಟ್ಟಿಸಿಕೊಂಡು ಹೋಗುವವರು. ಅವರನ್ನು ಕಾಡುವುದು ದೂರವಲ್ಲ, ಪಾರ್ಸೆಲ್ ಕೌಂಟರಿನ ಮುಂದೆ ಕಾಯುವುದು. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಬೆಂಗಳೂರಿನ ಕಾರುಗಳು ತಟ್ಟೆ ಇಡ್ಲಿಗೆಂದು ಸಾಲಾಗಿ ನಿಂತಿರುವಾಗ ಊರಿನವರಿಗೇ ಜಾಗ ಸಿಗುವುದಿಲ್ಲ. ತಟ್ಟೆ ಇಡ್ಲಿ ಒಂದೊಂದಾಗಿ ಬೇಯುವ ತಿಂಡಿಯೂ ಅಲ್ಲ, ಒಂದು ಸ್ಟ್ಯಾಂಡ್ ಇಳಿದರೆ ಒಟ್ಟಿಗೇ ಇಳಿಯುತ್ತದೆ. ಅಡುಗೆಮನೆಯ ಶಕ್ತಿಗೆ ತಕ್ಕಂತೆ ಇಂಥ ಹೊತ್ತಿಗೆ ಇಷ್ಟೇ ಆರ್ಡರ್ ಎಂದು ಮಿತಿ ಹಾಕುವ ಸೌಲಭ್ಯ ಅಮೆರಿಕದ ತಂತ್ರಾಂಶಗಳಲ್ಲಿದೆ. ಅದು ಯಾರಿಗಾದರೂ ನಿಜವಾಗಿ ಬೇಕಿದ್ದರೆ ಈ ಇಡ್ಲಿ ಹೋಟೆಲುಗಳಿಗೇ ಬೇಕು.

ತೊಡಕಿರುವುದು ಅಡುಗೆಮನೆಯಲ್ಲಿ. ಗ್ರಾಹಕನ ಫೋನಿನಲ್ಲಿ ಮೆನು ಎಷ್ಟೇ ಚೆಂದವಾಗಿ ಕನ್ನಡದಲ್ಲಿ ಕಂಡರೂ ಒಲೆಯ ಪಕ್ಕದ ಪ್ರಿಂಟರಿನಿಂದ ಹೊರಬೀಳುವ ಚೀಟಿ, ನಾನು ಕಂಡಲ್ಲೆಲ್ಲ, ಇಂಗ್ಲಿಷಿನಲ್ಲೇ ಇರುತ್ತದೆ. ನಾನು ಲೆಕ್ಕ ಬರೆಯುವ ಒಂದು ಹೋಟೆಲಿನಲ್ಲಿ ‘ಟಿ. ಇಡ್ಲಿ 2, ಎಂ. ವಡೆ 1’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬಂದದ್ದನ್ನು ಬಿಲ್ಲಿಗೆ ಕೂತ ಹುಡುಗ ಎದ್ದು ಹೋಗಿ ಭಟ್ಟರಿಗೆ ಓದಿ ಹೇಳಬೇಕು. ಜನ ಮುಗಿಬಿದ್ದಾಗ ಅವನು ಮೊದಲ ಸಾಲನ್ನಷ್ಟೇ ಕೂಗುತ್ತಾನೆ. ಕೆಳಗೆ ಸಣ್ಣದಾಗಿ ‘ಬೆಣ್ಣೆ ಬೇಡ’ ಎಂದಿದ್ದದ್ದು ಉಳಿದುಹೋಗಿ, ಬೆಣ್ಣೆ ಹಾಕಿದ ಪಾರ್ಸೆಲ್ ಹೋಗಿ, ಹಣ ವಾಪಸ್ ಕೊಟ್ಟ ಲೆಕ್ಕ ಕೊನೆಗೆ ನನ್ನ ಪುಸ್ತಕಕ್ಕೆ ಬರುತ್ತದೆ.

ಇದು ಬಗೆಹರಿಯದ ಸಮಸ್ಯೆಯಲ್ಲ. ಕಂಪ್ಯೂಟರುಗಳಲ್ಲಿ ಎಲ್ಲ ಭಾಷೆಗಳ ಅಕ್ಷರ ಮೂಡಿಸಲು ಬಳಸುವ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಬಿಲ್ ಮುದ್ರಿಸುವ ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲೇ ತುಂಬಿರುತ್ತವೆ, ಕನ್ನಡದವು ಸಾಮಾನ್ಯವಾಗಿ ಇರುವುದಿಲ್ಲ. ಒತ್ತಕ್ಷರ, ಗುಣಿತಗಳು ಕೆಡದೆ ಮೂಡಬೇಕಾದರೆ ತಂತ್ರಾಂಶವು ಚೀಟಿಯನ್ನು ಚಿತ್ರವಾಗಿ ಮಾಡಿ ಪ್ರಿಂಟರಿಗೆ ಕಳಿಸಬೇಕು. ಹೊಸ ಯಂತ್ರ ಕೊಳ್ಳಬೇಕಾದ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ಈಚೆಗೆ ಒಡಿಶಾ, ಅಸ್ಸಾಂ ಕಡೆಯ ಹುಡುಗರೂ ನಮ್ಮ ಅಡುಗೆಮನೆಗಳಲ್ಲಿ ಇರುವುದರಿಂದ ಚೀಟಿಯ ಭಾಷೆಯನ್ನು ಆಯಾ ಹೋಟೆಲಿನವರೇ ಆರಿಸಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಸಂಸ್ಥೆಯಿರುವ ಊರು ನಮ್ಮದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಹಾಜರಾತಿ ಆ್ಯಪ್ ಮಾಡುವ ಬದಲು ವಿದ್ಯಾರ್ಥಿಗಳು ಇದಕ್ಕೆ ಕೈಹಾಕಬಾರದೇಕೆ?

ಒಪ್ಪಂದದ ವಿಷಯದಲ್ಲೂ ಎಚ್ಚರ ಬೇಕು. ಗ್ರಾಹಕರ ಫೋನ್ ನಂಬರು, ಯಾರು ಯಾವಾಗ ಏನು ತರಿಸಿಕೊಂಡರು ಎಂಬ ವಿವರ ಹೋಟೆಲಿನವರ ಆಸ್ತಿಯೋ ಕಂಪನಿಯದೋ ಎಂಬುದನ್ನು ಸಹಿ ಹಾಕುವ ಮುನ್ನವೇ ಕೇಳಬೇಕು. ಬಾಡಿಗೆ ನಿಲ್ಲಿಸಿದ ದಿನ ಆ ಪಟ್ಟಿ ಕೈಗೆ ಸಿಗದಿದ್ದರೆ ಆ್ಯಪ್ ಬಿಟ್ಟು ತಂತ್ರಾಂಶ ಹಿಡಿದದ್ದರಿಂದ ಅರ್ಧ ಲಾಭವಷ್ಟೇ. ತೆರಿಗೆಯ ಲೆಕ್ಕವೂ ಬೇರೆಯಾಗುತ್ತದೆ: 2022ರ ಜನವರಿ 1ರಿಂದ ಆ್ಯಪ್ ಮೂಲಕ ಮಾರಿದ ತಿಂಡಿಯ ಶೇ 5ರ ಜಿಎಸ್‌ಟಿಯನ್ನು ಆ್ಯಪ್ ಕಂಪನಿಗಳೇ ಕಟ್ಟುತ್ತಿವೆ, ನೇರವಾಗಿ ಮಾರಿದ್ದಕ್ಕೆ ಹೋಟೆಲಿನವರೇ ಲೆಕ್ಕ ಒಪ್ಪಿಸಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟ ಮೇಲೆ ಎಷ್ಟೋ ಸಣ್ಣ ವ್ಯಾಪಾರಿಗಳು ಕ್ಯೂಆರ್ ಕೋಡನ್ನೇ ತೆಗೆದಿಟ್ಟರು. ಆ ಅಂಜಿಕೆ ಹೋಗದೆ ಯಾವ ತಂತ್ರಾಂಶವೂ ಇವರ ಹೋಟೆಲಿಗೆ ಕಾಲಿಡಲಾರದು.

ಒಂಟಿ ಹೋಟೆಲಿನವರು ಇದನ್ನೆಲ್ಲ ಕೇಳಿದರೆ ಕಂಪನಿಯ ಮಾರಾಟ ಪ್ರತಿನಿಧಿ ‘ನೋಡೋಣ ಸರ್’ ಎಂದು ಹೋಗುತ್ತಾರೆ. ಜಿಲ್ಲೆಯ ಹೋಟೆಲ್ ಮಾಲೀಕರು ಒಟ್ಟಾಗಿ ಕೂತು, ಅಡುಗೆಮನೆಗೆ ಕನ್ನಡದ ಚೀಟಿ ಮತ್ತು ಗ್ರಾಹಕರ ಪಟ್ಟಿಯ ಮೇಲೆ ಹೋಟೆಲಿನವರ ಹಕ್ಕು, ಇವೆರಡನ್ನೂ ಬರಹದಲ್ಲಿ ಒಪ್ಪಿದ ಕಂಪನಿಯೊಂದಿಗೆ ಮಾತ್ರ ಸಾಮೂಹಿಕವಾಗಿ ದರ ಮಾತಾಡಬೇಕು. ಹೋಟೆಲಿನವರನ್ನೂ ತೆರಿಗೆ ಅಧಿಕಾರಿಗಳನ್ನೂ ಒಂದೇ ಸಭೆಗೆ ಕರೆದು ಈ ಅನುಮಾನಗಳನ್ನು ನಿವಾರಿಸಬೇಕೆಂದು ಜಿಲ್ಲಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗ, ಎಸ್.ಎಸ್. ಪುರಂ, ತುಮಕೂರು