ಮಗುವಿಗಿಂತ ಮೊದಲು ಅಮ್ಮನಿಗೆ ಫ್ರೆಂಚ್ ಬೇಕು

ಸಂಪಾದಕರಿಗೆ ನಮಸ್ಕಾರ.

ಕೆನಡಾದ ಮಾಂಟ್ರಿಯಲ್‌ಗೆ ಕೆಲಸದ ಮೇಲೆ ಹೊರಟವರು ಊರಿನಿಂದ ಆಗಾಗ ನನಗೆ ಫೋನ್ ಮಾಡುತ್ತಾರೆ. ಮೊದಲು ಚಳಿಯ ಬಗ್ಗೆ ಕೇಳುತ್ತಾರೆ. ಆಮೇಲೆ ಕೇಳುವುದು, ಎರಡು ವರ್ಷದ ಮಗುವನ್ನು ಬೆಂಗಳೂರಿನಲ್ಲೇ ಫ್ರೆಂಚ್ ಕ್ಲಾಸಿಗೆ ಹಾಕಿ ರೆಡಿ ಮಾಡಿಕೊಂಡು ಬರಬೇಕಾ ಅಂತ. ಬೇಡ. ಖರ್ಚು ಮಾಡಲೇಬೇಕು ಅಂತಿದ್ದರೆ ವಸಂತನಗರದ ಅಲಯನ್ಸ್ ಫ್ರಾನ್ಸೇಸ್‌ಗೆ ಹೋಗಿ ನೀವು ಸೇರಿಕೊಳ್ಳಿ. ಮಗು ಇಲ್ಲಿ ಡೇಕೇರಿಗೋ ಸ್ಕೂಲಿಗೋ ಹೋಗುತ್ತಾ ಫ್ರೆಂಚ್ ಕಲಿತುಬಿಡುತ್ತದೆ, ಅದರ ಚಿಂತೆ ಬಿಡಿ. ಒದ್ದಾಡುವುದು ಅಪ್ಪ ಅಮ್ಮ.

ಕೆನಡಾ ಅಂದರೆ ಇಂಗ್ಲಿಷ್ ಅಂದುಕೊಂಡು ಬರುವವರೇ ಜಾಸ್ತಿ. ಮಾಂಟ್ರಿಯಲ್ ಇರುವುದು ಕ್ವಿಬೆಕ್ ಪ್ರಾಂತ್ಯದಲ್ಲಿ. ಅಲ್ಲಿ 1977ರಿಂದ ಒಂದು ಕಾನೂನಿದೆ, ಬಿಲ್ 101 ಅಂತಲೇ ಎಲ್ಲರೂ ಕರೆಯುವುದು. ಅದರ ಪ್ರಕಾರ ನಮ್ಮಂಥವರ ಮಕ್ಕಳು ಸರ್ಕಾರಿ ಸ್ಕೂಲಿಗೆ ಹೋದರೆ ಹೈಸ್ಕೂಲ್ ಮುಗಿಯುವವರೆಗೂ ಫ್ರೆಂಚ್ ಮೀಡಿಯಮ್ಮೇ. ತಾತ್ಕಾಲಿಕ ಪರ್ಮಿಟ್‌ನಲ್ಲಿ ಬಂದವರು 3 ವರ್ಷದ ಮಟ್ಟಿಗೆ ಇಂಗ್ಲಿಷ್ ಸ್ಕೂಲಿಗೆ ಅನುಮತಿ ಕೇಳಬಹುದು, ಅಷ್ಟೇ. 2022ರಲ್ಲಿ ಬಂದ ಬಿಲ್ 96 ಇನ್ನೂ ಬಿಗಿ ಮಾಡಿತು. ಹೊಸಬರು ಬಂದು ಆರು ತಿಂಗಳಾದ ಮೇಲೆ, ಆರೋಗ್ಯದಂಥ ಕೆಲವು ವಿಷಯ ಬಿಟ್ಟರೆ, ಸರ್ಕಾರ ಅವರ ಜೊತೆ ಫ್ರೆಂಚ್‌ನಲ್ಲೇ ವ್ಯವಹರಿಸುತ್ತದೆ. ಇದು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ದಿನಾ ಇದ್ದೇ ಇದೆ. ಕನ್ನಡಕ್ಕಾಗಿ ಕೂಗಾಡುವ ನನಗಂತೂ ಅವರನ್ನು ಬೈಯಲು ಬಾಯಿ ಬರುವುದಿಲ್ಲ.

ಹಾಗಂತ ಸರ್ಕಾರ ಕಲಿಸುವುದೇ ಇಲ್ಲ ಅಂತಲ್ಲ. 2023ರ ಜೂನ್‌ನಿಂದ ಫ್ರಾನ್ಸಿಸೇಷನ್ ಕ್ವಿಬೆಕ್ ಅಂತ ಒಂದೇ ಕಡೆ ಅರ್ಜಿ ಹಾಕಿದರೆ ಸಾಕು, ಕ್ಲಾಸ್ ಉಚಿತ. ಆದರೆ ಫುಲ್‌ಟೈಮ್ ಕ್ಲಾಸ್ ಅಂದರೆ ವಾರಕ್ಕೆ 25ರಿಂದ 30 ಗಂಟೆ. ಈಗ ಯೋಚನೆ ಮಾಡಿ. ಗಂಡ ಆಫೀಸಿಗೆ ಹೋಗುತ್ತಾನೆ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಹೆಂಡತಿ ಊರಲ್ಲಿ ಇದ್ದ ಕೆಲಸ ಬಿಟ್ಟು ಬಂದಿದ್ದಾಳೆ, ಮನೆಯಲ್ಲಿ ಒಂದೂವರೆ ವರ್ಷದ ಮಗು. ಸರ್ಕಾರ ಸಬ್ಸಿಡಿ ಕೊಡುವ ಡೇಕೇರಿಗೆ 2025ರಲ್ಲಿ ದಿನಕ್ಕೆ 9.35 ಡಾಲರ್, ನಿಜವಾಗಲೂ ಅಗ್ಗ, ಅದಕ್ಕೇ ಕ್ಯೂ ಉದ್ದ. ಸಬ್ಸಿಡಿ ಇಲ್ಲದ ಕಡೆ ಹಲವು ಪಟ್ಟು ಜಾಸ್ತಿ. ಡೇಕೇರ್ ಸಿಗದೆ ಕ್ಲಾಸಿಗೆ ಹೋಗುವ ಹಾಗಿಲ್ಲ, ಕ್ಲಾಸಿಗೆ ಹೋಗದೆ ಫ್ರೆಂಚ್ ಬರುವುದಿಲ್ಲ, ಫ್ರೆಂಚ್ ಬರದೆ ಕೆಲಸ ಇಲ್ಲ, ಕೆಲಸ ಇಲ್ಲದೆ ದುಬಾರಿ ಡೇಕೇರಿಗೆ ದುಡ್ಡೆಲ್ಲಿಂದ ತರುವುದು? ಇಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳು ಹೀಗೆ ಎರಡು ಮೂರು ಚಳಿಗಾಲ ಮನೆಯೊಳಗೇ ಕಳೆದದ್ದನ್ನು ನೋಡಿದ್ದೇನೆ.

ಇಂಥವರಿಗೆ ಇರುವ ಒಂದು ದಾರಿ ಅಂದರೆ ಅಪ್ಪ ಅಮ್ಮ ಮತ್ತು ಪುಟ್ಟ ಮಕ್ಕಳು ಒಟ್ಟಿಗೆ ಕೂರುವ ಫ್ರೆಂಚ್ ತರಗತಿಗಳು. ಬಡಾವಣೆಯ ಸಂಸ್ಥೆಗಳು ನಡೆಸುತ್ತವೆ, ಲೈಬ್ರರಿಗಳಲ್ಲಿ ಪುಟಾಣಿಗಳ ಕಥೆ ಸಮಯ ಇರುತ್ತದೆ. ಮಗುವನ್ನು ಬಿಟ್ಟು ಹೋಗುವ ಹಾಗಿಲ್ಲ, ನೀವೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂರಬೇಕು. ವ್ಯಾಕರಣ ಯಾರೂ ಹೇಳಿಕೊಡುವುದಿಲ್ಲ. ಪ್ರತಿ ವಾರ ಅದೇ ಹಾಡು, ಅದೇ ಕೈಗೊಂಬೆ. ಮಕ್ಕಳಿಗೆ ಬೇಜಾರಾಗುವುದಿಲ್ಲ. ನಮಗೂ, ಸುಮ್ನೆ ಹೇಳುತ್ತಿಲ್ಲ, ಅಷ್ಟು ಸಲ ಕೇಳಿದ ಮೇಲೆ ಬಾಯಿಗೆ ಬಂದುಬಿಡುತ್ತದೆ.

ಚಳಿಗಾಲದಲ್ಲಿ ಕ್ಲಾಸಿನ ಕೊನೆಯ ಹತ್ತು ಹದಿನೈದು ನಿಮಿಷ ಬಟ್ಟೆ ಹಾಕಿಕೊಳ್ಳುವುದರಲ್ಲೇ ಹೋಗುತ್ತದೆ. ಮೊದಲು ಸ್ನೋ ಪ್ಯಾಂಟು, ಆಮೇಲೆ ಬೂಟು, ಕೋಟು, ಟೋಪಿ, ಎಲ್ಲಕ್ಕಿಂತ ಕೊನೆಗೆ ಕೈಗವಸು. ಕೈಗವಸು ಮೊದಲೇ ಹಾಕಿಕೊಂಡ ಮಗು ಕೋಟಿನ ಜಿಪ್ ಹಿಡಿಯಲಾಗದೆ ಅಳುತ್ತಾ ನಿಲ್ಲುತ್ತದೆ. ಟೀಚರ್ ಒಂದೊಂದನ್ನೂ ಎತ್ತಿ ತೋರಿಸಿ, ಹೆಸರು ಹೇಳಿ, ನಮ್ಮ ಕೈಲೂ ಹೇಳಿಸುತ್ತಾರೆ. ಡೇಕೇರಿನಲ್ಲಿ ಎಂಟು ಮಕ್ಕಳ ನಡುವೆ ಒಬ್ಬರೇ ಟೀಚರ್ ನಿಂತು ಇದೇ ಮಾತು ಹೇಳಿದಾಗ ನಮ್ಮ ಮಗು ಪಿಳಿಪಿಳಿ ನೋಡುವುದಿಲ್ಲ, ಕಾಲನ್ನು ಬೂಟಿನೊಳಗೆ ಹಾಕುತ್ತದೆ. ಅದಕ್ಕಿಂತ ಮುಖ್ಯ, ಸಂಜೆ ಕರೆದುಕೊಂಡು ಬರಲು ಹೋದಾಗ ಬಾಗಿಲಲ್ಲೇ ಟೀಚರ್ ಗಡಿಬಿಡಿಯಲ್ಲಿ ಎರಡು ಮಾತು ಹೇಳುತ್ತಾರಲ್ಲ, ಅದು ತಾಯಿಗೆ ಅರ್ಥವಾಗಬೇಕು. ಚೀಟಿ ಬರೆದು ಕಳಿಸಿದರೆ ಫೋನ್ ಹಿಡಿದು ಅನುವಾದ ಮಾಡಿಕೊಳ್ಳಬಹುದು. ಬಾಯಿಮಾತಿಗೆ ಅಷ್ಟು ಹೊತ್ತು ಯಾರು ಕಾಯುತ್ತಾರೆ? ನಮ್ಮ ಮಗು ಯಾರನ್ನೋ ಕಚ್ಚಿತೋ, ಯಾರೋ ಇದನ್ನೇ ಕಚ್ಚಿದರೋ ಗೊತ್ತಾಗದೆ ತಲೆಯಾಡಿಸಿ ಬರುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಮನೆಯಲ್ಲಿ ಏನು ಮಾತಾಡಬೇಕು ಅನ್ನುವ ಗೊಂದಲ ಬೇರೆ. ಕೆಲವರು ಕನ್ನಡ ನಿಲ್ಲಿಸಿ, ತಮಗೇ ಬಾರದ ಫ್ರೆಂಚ್‌ನಲ್ಲಿ ಮಗುವಿನ ಜೊತೆ ತೊದಲುತ್ತಾರೆ. ಇಂಥ ಕ್ಲಾಸುಗಳಲ್ಲಿ ಟೀಚರ್‌ಗಳೇ ಹೇಳುತ್ತಾರೆ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಚೆನ್ನಾಗಿ ಆಡಿ ಅಂತ. ಬೆಂಗಳೂರಿನ ವಠಾರದ ಮಕ್ಕಳು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಹಿಂದಿನ ಬೀದಿಯಲ್ಲಿ ತೆಲುಗು ಅಂತ ಬೆಳೆದದ್ದು ಯಾವ ಕ್ಲಾಸಿಗೂ ಹೋಗದೆ ಅಲ್ವಾ?

ಬಾಣಂತನಕ್ಕೆ ಅಂತ ಬರುವ ಅಜ್ಜಿಯರಿಗೂ ಒಂದು ಮಾತು. ಆರು ತಿಂಗಳು ಕಿಟಕಿ ಪಕ್ಕ ಕೂತು ಹಿಮ ನೋಡುವ ಬದಲು ದೊಡ್ಡ ಮೊಮ್ಮಗುವನ್ನು ಕರೆದುಕೊಂಡು ಲೈಬ್ರರಿಗೆ ಹೋಗಿ. ಚಪ್ಪಾಳೆ ತಟ್ಟಿ ಹಾಡಲು ಯಾವ ಭಾಷೆಯಾದರೇನು, ಅದರಲ್ಲಿ ನಮ್ಮ ಅಜ್ಜಿಯರನ್ನು ಮೀರಿಸುವವರಿಲ್ಲ. ಮಾಂಟ್ರಿಯಲ್ ನಿವಾಸಿಗಳಿಗೆ ಲೈಬ್ರರಿ ಕಾರ್ಡ್ ಉಚಿತ. ಹುಟ್ಟಿದ ಮಗುವನ್ನು ವರ್ಷ ತುಂಬುವುದರೊಳಗೆ ಸೇರಿಸಿದರೆ ಕ್ವಿಬೆಕ್‌ನ ಎಷ್ಟೋ ಲೈಬ್ರರಿಗಳಲ್ಲಿ ಫ್ರೆಂಚ್ ಪುಸ್ತಕದ ಕಿಟ್ ಕೂಡ ಕೊಡುತ್ತಾರೆ.

ನನ್ನ ದೂರು ಇಷ್ಟೇ. ಈ ಕ್ಲಾಸುಗಳು ಬಹಳ ಕಡಿಮೆ, ನಾನು ನೋಡಿದವೆಲ್ಲ ವಾರದ ದಿನ ಬೆಳಿಗ್ಗೆಯೇ ನಡೆಯುತ್ತವೆ. ಹಾಗಾಗಿ ಕೂತಿರುವವರೆಲ್ಲ ಅಮ್ಮಂದಿರು. ಅಪ್ಪಂದಿರಿಗೆ ಆಫೀಸಿನ ನೆಪ ಸಿಕ್ಕಿಬಿಟ್ಟಿದೆ. 2024ರ ಚಳಿಗಾಲಕ್ಕೆ ಮುಂಚೆ ದುಡ್ಡಿಲ್ಲ ಅಂತ ಹಲವು ಕಡೆ ದೊಡ್ಡವರ ಫ್ರಾನ್ಸಿಸೇಷನ್ ಕ್ಲಾಸುಗಳನ್ನೇ ಮುಚ್ಚಿದರು. ಫ್ರೆಂಚ್ ಕಲಿಯಿರಿ ಅಂತ ಕಾನೂನು ಮಾಡಿ ಕ್ಲಾಸಿಗೆ ಬೀಗ ಹಾಕಿದರೆ ಹೇಗೆ? ಇನ್ನು ಮಕ್ಕಳ ಜೊತೆ ಕೂರುವ ಕ್ಲಾಸು ಹೆಚ್ಚುತ್ತವೆ ಅಂತ ನಾನು ಕಾದು ಕೂತಿಲ್ಲ.

ಅದಕ್ಕೇ ಇಲ್ಲಿನ ಕನ್ನಡಿಗರಲ್ಲಿ ಕೇಳುವುದು. ಯುಗಾದಿಗೆ, ರಾಜ್ಯೋತ್ಸವಕ್ಕೆ ಹಾಲ್ ಹಿಡಿದು ಊಟ ಹಾಕಿಸುತ್ತೇವೆ. ತಿಂಗಳಲ್ಲಿ ಎರಡು ಶನಿವಾರ ಅಂಥದ್ದೇ ಒಂದು ಕೋಣೆ ಹಿಡಿದು, ಫ್ರೆಂಚ್ ಬರುವ ನಮ್ಮವರೇ ಯಾರಾದರೂ ಮುಂದೆ ನಿಂತು, ಅಪ್ಪ ಅಮ್ಮ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಆಗದಾ? ಚಾಪೆ, ಕಾಫಿ ಫ್ಲಾಸ್ಕು ನಾನು ತರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಮಾಂಟ್ರಿಯಲ್