ಅವನು ಹೋಗುವವನೇ ಆದರೆ

ಮೈಸೂರು
6 ಅಕ್ಟೋಬರ್ 2025

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ದಸರೆಯ ಗದ್ದಲದ ನಡುವೆ ಕೈ ಸೇರಿತು. ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಕಾಗದದ ಕೊನೆಯಲ್ಲಿ, ನಮ್ಮ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡೆಸೆಯುವವ) ಪಾಲ್ ಸ್ಕೀನ್ಸ್ ಬಗ್ಗೆ ನೀನು ಹಗುರವಾಗಿ ಬರೆದುಬಿಟ್ಟ ಒಂದು ಸಾಲು ನಾಲ್ಕು ದಿನದಿಂದ ನನ್ನನ್ನು ಕಾಡುತ್ತಿದೆ: ‘ಸ್ಕೀನ್ಸ್ ಹೇಗೂ 2029ಕ್ಕೆ ಬಿಟ್ಟು ಹೋಗುವವನೇ ಆದರೆ, ಈಗಿನಿಂದಲೇ ಅವನನ್ನು ಹಚ್ಚಿಕೊಳ್ಳುವುದನ್ನು ಕಡಿಮೆ ಮಾಡುವುದು ಜಾಣತನವಲ್ಲವೇ?’

ಅವನು ಹೋಗುವುದಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನಪಡಿಸುವ ಧೈರ್ಯ ನನಗಿಲ್ಲ. ಒಂಬತ್ತು ಇನಿಂಗ್ಸಿಗೆ ಸರಾಸರಿ ಎರಡು ರನ್ನನ್ನೂ ಬಿಟ್ಟುಕೊಡದ ಪಿಚರ್ ಒಬ್ಬ ಋತುವಿನ ಕೊನೆಗೆ ಹತ್ತು ಗೆಲುವು, ಹತ್ತು ಸೋಲಿನ ಲೆಕ್ಕ ಹೊತ್ತು ಮನೆಗೆ ಹೋಗುತ್ತಾನೆಂದರೆ, ಅವನ ಬೆನ್ನ ಹಿಂದಿನವರು ಬ್ಯಾಟು ಹಿಡಿದು ಏನು ಮಾಡುತ್ತಿದ್ದರೆಂದು ಯಾರೂ ಹೇಳಬೇಕಾಗಿಲ್ಲ. ಇಲ್ಲಿ ನಸುಕಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಟ ಶುರುವಾಗುತ್ತಿತ್ತು. ನಿನ್ನ ದೊಡ್ಡಮ್ಮ ಎದ್ದು ಕಾಫಿಗೆ ನೀರಿಡುವ ಹೊತ್ತಿಗೆ ಆ ಹುಡುಗ ತನ್ನ ಕೆಲಸ ಮುಗಿಸಿ ಡಗೌಟಿನ ಕಂಬಿಗೆ ಒರಗಿ ನಿಂತಿರುತ್ತಿದ್ದ; ನಮ್ಮ ಕಡೆಯ ರನ್ನು ಎಷ್ಟೋ ದಿನ ಸೊನ್ನೆಯೇ. 71 ಗೆದ್ದು 91 ಸೋತ ತಂಡದಲ್ಲಿ ಅವನೇಕೆ ಉಳಿಯಬೇಕು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಕೊಹ್ಲಿಯನ್ನು ನೋಡುತ್ತ ಬೆಳೆದ ಹುಡುಗ ನೀನು. 2008ರಿಂದ ಒಂದೇ ತಂಡಕ್ಕೆ ಅಂಟಿಕೊಂಡು, ಹದಿನೆಂಟನೆಯ ಸಲಕ್ಕೆ ಈ ಜೂನಿನಲ್ಲಿ ಕಪ್ ಎತ್ತಿದವನನ್ನು ಕಂಡ ಕಣ್ಣಿಗೆ ಪಿಟ್ಸ್‌ಬರ್ಗಿನಲ್ಲೂ ಅಂಥವನೊಬ್ಬ ಸಿಗಲಿ ಎನ್ನಿಸುವುದು ಸಹಜವೇ. ನಾನು ಆ ಊರಿಗೆ ಹೋದದ್ದು 1979ರ ಆಗಸ್ಟಿನಲ್ಲಿ. ಇಂಗ್ಲಿಷೇ ಸರಿಯಾಗಿ ಕಿವಿಗೆ ಬೀಳದಿದ್ದ ಆ ದಿನಗಳಲ್ಲಿ ನನಗೆ ಮೊದಲು ಪರಿಚಯವಾದ ಅಮೆರಿಕನ್ ಎಂದರೆ ಪೈರೇಟ್ಸಿನ ವಿಲ್ಲಿ ಸ್ಟಾರ್ಜೆಲ್. ಚೆನ್ನಾಗಿ ಆಡಿದವರ ಟೊಪ್ಪಿಗೆ ಹಚ್ಚಲು ಪುಟ್ಟ ನಕ್ಷತ್ರಗಳನ್ನು ಹಂಚುತ್ತಿದ್ದ ಮನೆ ಯಜಮಾನನಂಥವನು. ಆ ಅಕ್ಟೋಬರಿನಲ್ಲಿ ಬಾಲ್ಟಿಮೋರ್ ವಿರುದ್ಧ 3-1ರ ಹಿನ್ನಡೆಯಿಂದ ಎದ್ದುಬಂದು ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿ, ಗೆದ್ದರು. ಗೆಲ್ಲುವುದು ಈ ತಂಡದ ವಾಡಿಕೆ, ಉಳಿಯುವುದು ಈ ಆಟಗಾರರ ಸ್ವಭಾವ ಎಂದು ನಾನು ನಂಬಿಬಿಟ್ಟೆ. ಅವನಿಗಿಂತ ಹಿಂದಿನ ಹೆಸರಾಂತ ಆಟಗಾರರಾದ ಕ್ಲೆಮೆಂಟೆ, ಮ್ಯಾಜರೋಸ್ಕಿ ಕೂಡ ಕೊನೆಯವರೆಗೂ ಅಲ್ಲೇ ಆಡಿದವರಲ್ಲವೇ? 1975ರವರೆಗೆ ಆಟಗಾರ ತಾನಾಗಿ ತಂಡ ಬಿಡುವ ಹಾಗೆಯೇ ಇರಲಿಲ್ಲವೆಂಬುದು, ನಾವು ನಿಷ್ಠೆಯೆಂದು ಕೊಂಡಾಡುವುದರಲ್ಲಿ ಹೊರಗಿನಿಂದ ಹಾಕಿದ ಅಗುಳಿಯ ಪಾಲೂ ಇತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಗುಳಿ ತೆಗೆದ ಮೇಲೂ ಉಳಿದವನು ಸ್ಟಾರ್ಜೆಲ್. ಅದಕ್ಕೇ ಅವನ ಮೇಲೆ ನನಗೆ ಒಂದು ತೂಕ ಹೆಚ್ಚು ಪ್ರೀತಿ.

ಇನ್ನು ಬಿಟ್ಟು ಹೋಗುವುದೆಂದರೆ ಯಾರು ಯಾರನ್ನು ಬಿಡುವುದು ಎಂಬುದನ್ನೂ ನೋಡು. ನಮ್ಮ ತಂಡದ ಕೆಬ್ರಾಯನ್ ಹೇಯ್ಸ್ 2022ರಲ್ಲಿ ಎಂಟು ವರ್ಷಕ್ಕೆ ಸಹಿ ಹಾಕಿದ. ಈ ಜುಲೈನಲ್ಲಿ ಅವನನ್ನು ಸಿನ್ಸಿನಾಟಿಗೆ ಕೊಟ್ಟುಬಿಟ್ಟರು. ಉಳಿಯುತ್ತೇನೆಂದು ಬರೆದುಕೊಟ್ಟವನ ಗತಿಯೇ ಹೀಗಾದ ಮೇಲೆ ಸ್ಕೀನ್ಸ್ ಒಬ್ಬನಿಂದಲೇ ಮಾತು ತೆಗೆದುಕೊಳ್ಳಲು ಹೊರಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಓದು ಮುಗಿದ ಮೇಲೆ ನೀನೇ ಯಾವ ಊರಿನ ನೌಕರಿ ಹಿಡಿಯುತ್ತೀಯೋ! ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಬರೆದೆ.

ನನ್ನ ಭಯ ಬೇರೆಯದು. ನೀನು ಜಾಣತನ ಎನ್ನುತ್ತಿರುವುದನ್ನು ನಾನು ಮಾಡಿ ನೋಡಿದವನು.

1992ರ ಅಕ್ಟೋಬರ್ 14ರ ರಾತ್ರಿ ಅಟ್ಲಾಂಟಾದಲ್ಲಿ, ವರ್ಲ್ಡ್ ಸೀರೀಸಿಗೆ ಯಾರು ಹೋಗುತ್ತಾರೆಂದು ತೀರ್ಮಾನವಾಗುವ ಪಂದ್ಯದಲ್ಲಿ, ಕೊನೆಯದಾದ ಒಂಬತ್ತನೆಯ ಇನಿಂಗ್ಸಿನವರೆಗೆ ನಾವು 2-0 ಮುಂದಿದ್ದೆವು. ಕೊನೆಯಲ್ಲಿ ನಮ್ಮ ಬ್ಯಾರಿ ಬಾಂಡ್ಸ್ ಲೆಫ್ಟ್ ಫೀಲ್ಡಿನಿಂದ ಎಸೆದ ಚೆಂಡು, ರನ್ನು ಪೂರೈಸುವ ಹೋಂ ಪ್ಲೇಟಿನಿಂದ ತುಸು ಪಕ್ಕಕ್ಕೆ ಬಂತು. ಕ್ಯಾಚರ್ ಅದನ್ನು ಹಿಡಿದು ಮೈ ಚಾಚುವಷ್ಟರಲ್ಲಿ ಸಿಡ್ ಬ್ರೀಮ್, ಮಂಡಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ ಕುಂಟುತ್ತ ಓಡುವ, ಎರಡು ವರ್ಷದ ಹಿಂದಿನವರೆಗೂ ನಮ್ಮವನೇ ಆಗಿದ್ದ ಬ್ರೀಮ್, ಜಾರಿಕೊಂಡು ಒಳಗೆ ಬಂದ. 3-2, ನಾವು ಸೋತೆವು. ಡಿಸೆಂಬರಿನಲ್ಲಿ ಬಾಂಡ್ಸ್ ನಾಲ್ಕು ಕೋಟಿ ಡಾಲರಿಗೂ ಮೀರಿದ ಒಪ್ಪಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಅದು ಅವನ ಅಪ್ಪ ಆಡಿದ್ದ ತಂಡ. ನನಗೆ ಆಗ ಕಂಡದ್ದು ದುಡ್ಡು ಮಾತ್ರ. ಇನ್ನು ಯಾರನ್ನೂ ಹಚ್ಚಿಕೊಳ್ಳುವುದಿಲ್ಲವೆಂದು ತೀರ್ಮಾನಿಸಿ ರೇಡಿಯೋವನ್ನು ಅಟ್ಟಕ್ಕೆ ಹಾಕಿದೆ.

1997ರ ಜುಲೈ 12, ಶನಿವಾರ. ನಿನ್ನ ಅಕ್ಕನಿಗೆ ಆಗ ಒಂಬತ್ತು ವರ್ಷ. ಆಟದ ದಿನ ಪಟಾಕಿ ಹಚ್ಚುತ್ತಾರಂತೆ, ಸ್ನೇಹಿತೆಯರೆಲ್ಲ ಹೋಗುತ್ತಿದ್ದಾರಂತೆ, ಕರೆದುಕೊಂಡು ಹೋಗಪ್ಪ ಎಂದು ಬೆಳಗಿನಿಂದ ನನ್ನ ಹಿಂದೆ ಮುಂದೆ ಸುತ್ತಿದಳು. ‘ಇವತ್ತು ಇದ್ದವರು ಮುಂದಿನ ವರ್ಷ ಇರುವುದಿಲ್ಲ, ಅವರನ್ನು ನೋಡಿ ಏನಾಗಬೇಕು’ ಎಂದುಬಿಟ್ಟೆ. ಅವಳು ಅಟ್ಟ ಹತ್ತಿ ಆ ರೇಡಿಯೋವನ್ನು ಇಳಿಸಿಕೊಂಡು, ಲಂಗದ ಅಂಚಿನಿಂದ ಧೂಳು ಒರೆಸಿ, ಅಡುಗೆಮನೆಯ ಮೂಲೆಯಲ್ಲಿ ಕೂತಳು. ಆ ರಾತ್ರಿ ನಮ್ಮ ಪಿಚರ್‌ಗಳು, ಕಾರ್ಡೋವಾ ಒಂಬತ್ತು, ರಿಂಕಾನ್ ಒಂದು, ಹೀಗೆ ಹತ್ತು ಇನಿಂಗ್ಸ್ ಹೂಸ್ಟನ್ನಿಗೆ ಒಂದು ಹಿಟ್ ಕೂಡ ಸಿಗದಂತೆ ಎಸೆದರು. ಹತ್ತನೆಯದರಲ್ಲಿ ಮಾರ್ಕ್ ಸ್ಮಿತ್ ಹೋಂ ರನ್ ಹೊಡೆದು ಗೆಲ್ಲಿಸಿದ. ಅವಳು ನನ್ನನ್ನು ಕರೆಯಲಿಲ್ಲ. ಒಬ್ಬಳೇ ಎದ್ದು ಕುಣಿದ ಸದ್ದು ಮಹಡಿಯ ಮೇಲಿದ್ದ ನನಗೆ ಕೇಳಿಸಿತು.

ಆ ಮೇಲೆ ಅವಳು ಕೇಳಲೂ ಇಲ್ಲ. 2001ರಲ್ಲಿ ಆ ಆಟ ನಡೆದ ತ್ರೀ ರಿವರ್ಸ್ ಕ್ರೀಡಾಂಗಣವನ್ನೇ ಸಿಡಿಮದ್ದಿಟ್ಟು ಉರುಳಿಸಿದರು. ನಾನು ಹೇಳಿದ್ದು ಸುಳ್ಳಾಗಲಿಲ್ಲ, ಆ ಆಟಗಾರರು ಒಬ್ಬೊಬ್ಬರಾಗಿ ಹೋದರು. ತಂಡ ಒಟ್ಟು ಇಪ್ಪತ್ತು ಋತು ಒಂದೇ ಸಮನೆ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿತು. ಲೆಕ್ಕ ಸರಿಯಿತ್ತು ಪುಟ್ಟು, ಆದರೆ ಆ ಶನಿವಾರ ನನ್ನ ಪಾಲಿಗೆ ಬರಲಿಲ್ಲ.

ನನ್ನ ಅಪ್ಪನೂ ಹೀಗೇ ಮಾಡಿದರೆಂದು ಈಗೀಗ ಅನ್ನಿಸುತ್ತದೆ. ಎರಡೇ ವರ್ಷ ಎಂದು ಹೇಳಿ ಭದ್ರಾವತಿಯ ಕಾರ್ಖಾನೆಯ ಕೆಲಸ ಬಿಟ್ಟು ಹೋದವನು ನಾನು. ಮೊದಮೊದಲು ಪ್ರತಿ ಕಾಗದದಲ್ಲೂ ‘ಯಾವಾಗ ಬರುತ್ತೀ’ ಎಂದಿರುತ್ತಿತ್ತು. 1985ರ ಸುಮಾರಿಗೆ ಆ ಸಾಲು ನಿಂತಿತು. ಬರುವವನಲ್ಲ ಎಂದು ಅವರು ಮನಸ್ಸು ಗಟ್ಟಿ ಮಾಡಿಕೊಂಡರು. ಆ ವರ್ಷವೇ ನಾನು ಹಿಂತಿರುಗುವ ಯೋಚನೆಯಲ್ಲಿದ್ದೆನೆಂದು ಅವರಿಗೆ ಬರೆಯಲೂ ಇಲ್ಲ. ಬಾಂಡ್ಸನನ್ನು ಬೈಯುವಾಗ ಇದು ನನಗೆ ಒಮ್ಮೆಯೂ ನೆನಪಾಗಲಿಲ್ಲ.

ನಮ್ಮ ತಂಡದ ಮೆಕಚನ್ ವಿಷಯವನ್ನು ನೀನೇ ಎತ್ತಿದ್ದೀ. 2018ರಲ್ಲಿ ಅವನನ್ನು ಕಳಿಸಿಕೊಟ್ಟಾಗ ಅತ್ತವರು 2023ರಲ್ಲಿ ಮರಳಿ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಜೂನಿನಲ್ಲಿ ಅವನು ಪೈರೇಟ್ಸ್ ಪರ 241ನೆಯ ಹೋಂ ರನ್ ಹೊಡೆದು ಕ್ಲೆಮೆಂಟೆಯನ್ನು ದಾಟಿದ. ಸ್ಕೀನ್ಸನೂ ಹಾಗೆ ಬರುತ್ತಾನೆಂದು ನಾನು ಹೇಳುತ್ತಿಲ್ಲ. ಮೆಕಚನ್ ಹೋದಾಗ ಅಳುವಷ್ಟು ಹಚ್ಚಿಕೊಂಡಿದ್ದವರಿಗೇ ಆ ಚಪ್ಪಾಳೆಯ ರುಚಿ ಗೊತ್ತು, ಅಷ್ಟೆ.

ಬುದ್ಧಿ ಹೇಳುವ ಅರ್ಹತೆ ನನಗೆಷ್ಟಿದೆಯೋ ಕಾಣೆ. ಆದರೂ, ರಾತ್ರಿ ಮಲಗುವ ಮುನ್ನ ಯಾರನ್ನು ಎಲ್ಲಿಗೆ ಮಾರುತ್ತಾರೆಂಬ ಗಾಳಿಸುದ್ದಿಗಳನ್ನು ಓದಬೇಡ. ಅವನು ಎಸೆಯುವ ದಿನ ಕೈಯಲ್ಲಿ ದುಡ್ಡಿದ್ದರೆ ಹೋಗು, ಇಲ್ಲದಿದ್ದರೆ ರೇಡಿಯೋ ಸಾಕು. ಅಂಗಿ ಕೊಳ್ಳುವುದಿದ್ದರೆ ಕ್ಲೆಮೆಂಟೆಯ 21 ಕೊಂಡರೆ ನಷ್ಟವಿಲ್ಲ ಎಂದು ಬರೆಯಹೊರಟಿದ್ದೆ; ನೋಡು, ಮತ್ತೆ ಅದೇ ಹಳೆಯ ಜಾಣತನ. ನಿನಗೆ ಬೇಕಾದ ಹೆಸರಿನದನ್ನೇ ಕೊಂಡುಕೋ.

ಇನ್ನೊಂದು ವಿಷಯ. ಏಪ್ರಿಲಿನಲ್ಲಿ ನಿನ್ನ ಅಕ್ಕ ಕೆಲಸದ ಮೇಲೆ ಪಿಟ್ಸ್‌ಬರ್ಗಿಗೆ ಬರುತ್ತಾಳಂತೆ. ಅವಳನ್ನು ಆಟಕ್ಕೆ ಕರೆ. ಬೇಡ ಎಂದರೆ ಇನ್ನೊಮ್ಮೆ ಕರೆ. ಟಿಕೆಟ್ಟಿನ ಹಣ ನಾನು ಕಳಿಸುತ್ತೇನೆ. ನಾನು ಹೇಳಿದೆನೆಂದು ಮಾತ್ರ ಅವಳಿಗೆ ತಿಳಿಸಬೇಡ.

ಇತಿ,
ನಿನ್ನ ದೊಡ್ಡಪ್ಪ